ಅಪ್ಪ ಹೋಗಿ ಮೂರು ವರ್ಷ ಆಯ್ತು, ಪೌತಿ ಖಾತೆ ಇನ್ನೂ ಮಾಡ್ಸಿಲ್ಲ. ಈ ಮುಂದಕ್ಕೆ ಹಾಕೋದನ್ನ ಹೆಂಗೆ ನಿಲ್ಸೋದು?

ತೆಂಗಿನತೋಟ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಂಗೆ 38 ವರ್ಷ, ಕೆಲ್ಸ ಬೆಂಗಳೂರಲ್ಲಿ, ಊರು ಅರಸೀಕೆರೆ ಹತ್ರ, ಅಲ್ಲಿ ಅಮ್ಮ ಒಬ್ರೇ ಇದ್ದಾರೆ. ಅಪ್ಪ ತೀರ್ಕೊಂಡು ಮೂರು ವರ್ಷ ಆಯ್ತು. 3 ಎಕರೆ 12 ಗುಂಟೆ ಜಮೀನಿದೆ, ಅರ್ಧ ತೆಂಗು, ಉಳಿದಿದ್ರಲ್ಲಿ ರಾಗಿ ಹಾಕ್ತೀವಿ, ಪಹಣಿ ಇವತ್ತಿಗೂ ಅಪ್ಪನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದ್ರೆ ತೀರಿಹೋದೋರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಬದಲಾಯಿಸೋದು, ಮಾಡಿಸ್ಬೇಕು ಅಂತ ತಿಥಿ ಮುಗಿದ ವಾರಾನೇ ದೊಡ್ಡಪ್ಪ ಹೇಳಿದ್ರು. ನಾನು ಮಾಡಿದ್ದು ಒಂದೇ ಕೆಲಸ, ಡೆತ್ ಸರ್ಟಿಫಿಕೇಟ್ ತಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟಿದ್ದು. ಪ್ರತಿ ಸಲ ಈ ಸಲ ಮುಗಿಸ್ಕೊಂಡೇ ಬರೋದು ಅಂತ ಹೊರಡ್ತೀನಿ, ಹೋದ್ರೆ ಶನಿವಾರ ಕಾಯಿ ಕೆಡವೋರು ಬಂದಿರ್ತಾರೆ, ಭಾನುವಾರ ಆಫೀಸ್ ಇರಲ್ಲ, ಸೋಮವಾರ ಬೆಳಗಿನ ಜಾವ ಟ್ರೈನ್ ಹತ್ತಿರ್ತೀನಿ. ಅಪ್ಪನ ಕಾಗದ ಪತ್ರ ಎಲ್ಲಾ ನಡುಮನೇಲಿರೋ ಒಂದು ತಗಡಿನ ಟ್ರಂಕಲ್ಲಿದೆ, ಆ ಟ್ರಂಕನ್ನ ಈ ಮೂರು ವರ್ಷದಲ್ಲಿ ನಾನು ಒಂದ್ಸಲಾನೂ ತೆಗೆದಿಲ್ಲ.

ನಷ್ಟ ಆಗ್ತಿರೋದು ಗೊತ್ತು. ಮಳೆ ಕೈಕೊಟ್ಟ ವರ್ಷ ಪಕ್ಕದ ಜಮೀನೋರಿಗೆ ಬೆಳೆ ಪರಿಹಾರ ಅಕೌಂಟಿಗೆ ಬಂತು, ನಮಗಿಲ್ಲ. ಪಹಣಿಗೆ ಆಧಾರ್ ಜೋಡಿಸೋಕೆ ಅಂತ ಗ್ರಾಮ ಆಡಳಿತಾಧಿಕಾರಿ ಮನೆ ಹತ್ರಾನೇ ಬಂದಿದ್ರಂತೆ, ಅಮ್ಮ "ಮಗ ಬಂದು ಮಾಡಿಸ್ತಾನೆ" ಅಂತ ಹೇಳಿ ಕಳಿಸಿದಾರೆ. ಅಮ್ಮ ಇದನ್ನ ಫೋನಲ್ಲಿ ಬೈದು ಹೇಳಿದ್ರೆ ತಡ್ಕೊಬೋದಿತ್ತು, ಅವ್ರು ಸುಮ್ನೆ ಮಾತಿನ ಮಧ್ಯ ಹೇಳಿ ಬೇರೆ ವಿಷಯಕ್ಕೆ ಹೋದ್ರು, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಇನ್ನೊಂದು, ನಾಲ್ಕು ತಿಂಗಳ ಹಿಂದೆ ಬ್ಲಡ್ ಟೆಸ್ಟಲ್ಲಿ ಹೆಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 6.1 ಬಂತು. ಇನ್ನೂ ಶುಗರ್ ಅಲ್ಲ, ಅದರ ಬಾಗಿಲಲ್ಲಿದ್ದೀರ, ದಿನಾ ನಡೀರಿ ಅಂದ್ರು ಡಾಕ್ಟ್ರು. ಅಪ್ಪನಿಗೂ ಶುಗರ್ ಇತ್ತು. ಶೂ ತಂದೆ, ಬೆಳಿಗ್ಗೆ 5:30ಕ್ಕೆ ಅಲಾರಂ ಇಟ್ಟೆ, ಒಂಬತ್ತು ದಿನ ಹೋದೆ, ಹತ್ತನೇ ದಿನ ಮಳೆ, ಅಲ್ಲಿಗೆ ನಿಂತೋಯ್ತು.

ಆಫೀಸಲ್ಲಿ ನಾನು ಹಿಂಗಿಲ್ಲ ರೀ. ಯಾರಿಗಾದ್ರೂ ಮಾತು ಕೊಟ್ಟಿದ್ರೆ ರಾತ್ರಿ ಎಲ್ಲಾ ಕೂತು ಮುಗಿಸ್ತೀನಿ. ಸ್ವಂತದ್ದು, ಮನೇದು ಅಂತ ಬಂದ್ರೆ ಮಾತ್ರ ಕೈ ಏಳಲ್ಲ. ಹಿಂಗೆ ಇದ್ದು ಹೊರಗೆ ಬಂದಿರೋರು ಯಾರಾದ್ರೂ ಇದ್ರೆ ಹೆಂಗೆ ಬಂದ್ರಿ ಹೇಳಿ.

ನೇರಮಾತು:

ಬ್ರೋ, ಇದಕ್ಕೆ ಥಿಯರಿ ಏನೂ ಬೇಡ. ಒಂದು ಮಂಗಳವಾರ ರಜ ಹಾಕಿ, ನಾಡಕಚೇರಿಗೆ ಹೋಗಿ, ಅರ್ಜಿ ಕೊಟ್ಟು ಬನ್ನಿ. ಅಮ್ಮ ಒಬ್ರೇ ಊರಲ್ಲಿ ಇದ್ದಾರೆ ಅಂತೀರ, ಅದಕ್ಕಿಂತ ದೊಡ್ಡ ಕಾರಣ ಬೇಕಾ? ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಷ್ಟೆ.

ಧಾರವಾಡ ಮಾಸ್ತರ:

ನೇರಮಾತು ಅವರು ಹೇಳಿದ್ದು ಕಾಳಜಿಯಿಂದನ ಹೇಳ್ಯಾರ, ಆದ್ರ ಮನಸ್ಸು ಗಟ್ಟಿ ಮಾಡ್ಕೊ ಅನ್ನೋದನ್ನ ಈ ತಮ್ಮ ತನಗ ತಾನ ಮೂರು ವರ್ಷದಿಂದ ಹೇಳ್ಕೊಂಡ ಬಂದಾನ, ಅದರಿಂದ ಆಗೋದಿದ್ರ ಯಾವಾಗೋ ಆಗತಿತ್ತು.

ತಮ್ಮಾ, ನಾ 32 ವರ್ಷ ಹೈಸ್ಕೂಲಿನ್ಯಾಗ ಗಣಿತ ಕಲಿಸೇನಿ. ಎಸ್ಸೆಸ್ಸೆಲ್ಸಿ ಹುಡುಗೂರು ಜನವರಿ ಬಂತಂದ್ರ ಮೂರು ಬಣ್ಣದ ಪೆನ್ನಿಲೆ ಟೈಮ್‌ಟೇಬಲ್ ಬರದು ಗ್ವಾಡಿಗೆ ಹಚ್ಚತಿದ್ರು. ಕನ್ನಡ ಓದತಿದ್ರು, ಸಮಾಜ ಓದತಿದ್ರು, ಗಣಿತದ ತಾಸು ಬಂದಕೂಡ್ಲೆ ನೀರು ಕುಡಿಲಿಕ್ಕೆ ಏಳತಿದ್ರು. ಇವರನ್ನ ಸೋಮಾರಿ ಅನ್ನಲಿಕ್ಕೆ ಬರೂದಿಲ್ಲ, ಉಳಿದ ಐದು ವಿಷಯಕ್ಕ ರಾತ್ರಿ ಹನ್ನೊಂದರ ತನಕ ಕೂಡ್ತಾರಲ್ಲ! ಆಗೂದು ಏನಂದ್ರ, ಗಣಿತ ಪುಸ್ತಕ ತಗದ ಕೂಡ್ಲೆ "ನನಗಿದು ಬರಂಗಿಲ್ಲ" ಅನ್ನೋದು ಎದಿಗೆ ಬಡೀತದ. ಪುಸ್ತಕ ಮುಚ್ಚಿದ್ರ ಆ ಕ್ಷಣಕ್ಕ ಎದಿ ಹಗುರ ಆಗ್ತದ. ಮನಸ್ಸಿಗೆ ರುಚಿ ಹತ್ತಿದ್ದು ಆ ಹಗುರಕ್ಕ. ನಿನಗ ಆ ಟ್ರಂಕ್ ಅಂದ್ರ ಗಣಿತ ಪುಸ್ತಕ ಇದ್ಧಂಗ. ಕಾಗದ ತಗೀಲಿಕ್ಕೆ ನಿನಗ ಬೇಸರ ಇಲ್ಲ, ಅದರಾಗ ಅಪ್ಪನ ಕೈಬರಹ ಅದ, ಅದಕ್ಕ ಮುಟ್ಟವಲ್ಲಿ. ನಾ ತಪ್ಪು ತಿಳಕೊಂಡಿದ್ರ ಹೇಳು.

ಆ ಹುಡುಗೂರಿಗೆ ನಾ ಏನ ಮಾಡತಿದ್ದೆ ಅಂದ್ರ, ಅಧ್ಯಾಯ ಓದು ಅಂತ ಹೇಳತಿದ್ದಿಲ್ಲ. ಮುಂಜಾನೆ ಚಹಾ ಕುಡದ ಕಪ್ಪು ಕೆಳಗ ಇಟ್ಟ ಮ್ಯಾಲೆ, ಅದೇ ಜಾಗಾದಾಗ ಕೂತು, ಒಂದ ಲೆಕ್ಕದ ಪ್ರಶ್ನಿ ಅಷ್ಟ ನೋಟ್‌ಬುಕ್ಕಿಗೆ ಇಳಸ್ಕೊ ಅಂತಿದ್ದೆ, ಬಿಡಸೂದು ಬ್ಯಾಡ, ಬರಕೊ ಅಷ್ಟ. ಬರಕೊಂಡಾಂವ ಸುಮ್ನ ಕೂಡೂದಿಲ್ಲ, ಕೈ ತಾನ ಎರಡನೇ ಸಾಲಿಗೆ ಹೋಗ್ತದ. ಪೀಟರ್ ಗಾಲ್ವಿಟ್ಸರ್ ಅಂತ ಜರ್ಮನಿಯ ಮನಃಶಾಸ್ತ್ರಜ್ಞ, ತನ್ನ ಜೊತಿಗಾರರ ಕೂಡ 1997ರಾಗ ಇದನ್ನ ಪ್ರಯೋಗ ಮಾಡಿ ಬರದಾನ. ಕ್ರಿಸ್‌ಮಸ್ ಸೂಟಿಗೆ ಹೊಂಟ ವಿದ್ಯಾರ್ಥಿಗಳಿಗೆ, ಹಬ್ಬದ ಹಿಂದಿನ ರಾತ್ರಿ ಹೆಂಗ ಕಳದ್ರಿ ಅಂತ 48 ತಾಸಿನೊಳಗ ಬರದು ಕಳಸ್ರಿ ಅಂತ ಕೆಲಸ ಕೊಟ್ರು. ಅರ್ಧ ಮಂದಿಗೆ ಯಾವಾಗ, ಎಲ್ಲೆ ಕೂತು ಬರೀತೀರಿ ಅನ್ನೋದನ್ನ ಮೊದಲ ಬರಸಿಕೊಂಡಿದ್ರು. ಆ ಗುಂಪಿನಾಗ ಮುಕ್ಕಾಲು ಪಾಲು ಮಂದಿ ಹೇಳಿದ ವ್ಯಾಳ್ಯಾಕ್ಕ ಬರದ್ರು, ಉಳಿದ ಗುಂಪಿನಾಗ ಮೂರರಾಗ ಒಂದು ಪಾಲು. ಎರಡೂ ಗುಂಪಿನವರಿಗೆ ಬರೀಬೇಕಂತ ಮನಸ್ಸಿತ್ತು. ಜಾಗಾ ಮತ್ತ ಹೊತ್ತು ಗೊತ್ತಿದ್ದದ್ದಷ್ಟ ಫರಕ್.

ಹಿಂಗಾಗಿ "ಈ ಸಲ ಪೌತಿ ಮುಗಸ್ತೀನಿ" ಅನ್ನೋದನ್ನ ಬಿಡು. ಊರಿಗೆ ಹೋದಾಗ, ಶನಿವಾರ ಸಂಜಿ ಕಾಯಿ ಎಣಿಸಿ ರೊಕ್ಕಾ ಕೊಟ್ಟು ಕಳಿಸಿದ ಮ್ಯಾಲೆ, ಕೈಕಾಲು ತೊಳಕೊಂಡು ಬಂದು, ಅವ್ವನ್ನ ಬಾಜೂಕ ಕೂಡ್ರಿಸಿಕೊಂಡು ಟ್ರಂಕಿನ ಬಾಯಿ ತಗಿ. ಅವತ್ತು ಅಷ್ಟ ಸಾಕು. ಅಳು ಬಂದ್ರ ಅಳು.

ಸೇವಾಕೇಂದ್ರದಕ್ಕ:

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಲಿ ಅರ್ಜಿ ಹಾಕಿಕೊಡೋ ಕೇಂದ್ರ ನಡೆಸ್ತೀನಿ, ಪೌತಿ ಕೇಸ್ ವಾರಕ್ಕೆ ನಾಲ್ಕೈದು ನೋಡ್ತೀನಿ, ಅದ್ಕೆ ಬರೀತಿದ್ದೀನಿ. ಮೊದಲ್ನೇದಾಗಿ ಮೂರು ವರ್ಷ ಅನ್ನೋದು ನಮ್ಮ ಕಡೆ ದೊಡ್ಡ ವಿಷಯ ಅಲ್ಲ, ಮುತ್ತಾತನ ಹೆಸರಲ್ಲಿರೋ ಪಹಣಿ ಹಿಡ್ಕೊಂಡು ಬರ್ತಾರೆ ಜನ. ಇಂಥವು ರಾಜ್ಯದ ತುಂಬ ಇವೆ ಅಂತಾನೇ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಅಂತ ಮಾಡ್ತಿರೋದು.

ಬೇಕಾಗೋದು ಇಷ್ಟೇ: ಡೆತ್ ಸರ್ಟಿಫಿಕೇಟ್ (ಇದೆ ಅಂದ್ರಿ), ವಂಶವೃಕ್ಷ, ವಾರಸುದಾರರೆಲ್ರ ಆಧಾರ್, ಪಹಣಿ. ಪಹಣಿಗೆ ಟ್ರಂಕ್ ತೆಗೆಯೋ ಅಗತ್ಯಾನೇ ಇಲ್ಲ ಅಣ್ಣ. ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿಗೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದ್ರೆ ಫೋನಲ್ಲೇ ಕಾಣತ್ತೆ, ನೋಡೋಕೆ ದುಡ್ಡಿಲ್ಲ. ಸರ್ವೆ ನಂಬರ್ ಗೊತ್ತಿಲ್ಲ ಅಂದ್ರೆ ಅಮ್ಮನ್ನ ಕೇಳಿ, ಬಾಯಲ್ಲೇ ಇರತ್ತೆ ಅವ್ರಿಗೆ. ಇವತ್ತು ರಾತ್ರಿ ಅಷ್ಟು ಮಾಡಿ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಐದು ನಿಮಿಷದ ಕೆಲಸ.

ಆದ್ರೆ ಅಣ್ಣ ನಿಮ್ಮನ್ನ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೊಬೇಡಿ. ನಿಮಗೆ ಅಕ್ಕ ತಂಗಿ ಇದಾರಾ? ಇಷ್ಟುದ್ದ ಬರೆದಿದ್ದೀರ, ಅವ್ರ ಮಾತೇ ಇಲ್ಲ. ನಮ್ಮ ಕೌಂಟರ್ ಮುಂದೆ ಬಂದು "ಡಾಕ್ಯುಮೆಂಟ್ ಸಿಗ್ತಿಲ್ಲ, ಟೈಮ್ ಇಲ್ಲ" ಅನ್ನೋರಲ್ಲಿ ತುಂಬಾ ಜನಕ್ಕೆ ನಿಜವಾಗ್ಲೂ ಕಷ್ಟ ಇರೋದು ವಂಶವೃಕ್ಷದಲ್ಲಿ ತಂಗಿ ಹೆಸರು ಬರೆಯೋ ಜಾಗದಲ್ಲಿ. ಆ ಮಾತು ಎತ್ತೋಕಾಗದೆ ವರ್ಷಗಟ್ಲೆ ಹಂಗೇ ಬಿಟ್ಟಿರ್ತಾರೆ.

ತೆಂಗಿನತೋಟ:

ಅಕ್ಕ, ಬೆಳಿಗ್ಗೆ ಓದಿದೆ, ಉತ್ತರ ಬರೆಯೋಕೆ ಈಗ ಆಯ್ತು. ಹೌದು, ತಂಗಿ ಇದ್ದಾಳೆ. ಚಿಕ್ಕಮಗಳೂರು ಕಡೆ ಕೊಟ್ಟಿದ್ದೀವಿ. ಮದುವೆ ಟೈಮಲ್ಲಿ ಅಪ್ಪ ಸಾಲ ಮಾಡಿದ್ರು, ಆ ಸಾಲ ನಾನು ತೀರಿಸಿದೆ. ಜಮೀನು ವಿಷಯ ಎತ್ತಿದ್ರೆ ಭಾವ ಏನಂತಾರೋ, ಅವಳು ಪಾಲು ಕೇಳಿದ್ರೆ ನಂಗೆ ಬೇಜಾರಾಗತ್ತಾ, ಕೇಳ್ದೆ ಇದ್ರೆ ನಾನು ಸುಮ್ನಿದ್ದುಬಿಟ್ರೆ ಅದು ಮೋಸ ಅಲ್ವಾ, ಹಿಂಗೆಲ್ಲಾ ತಲೇಲಿ ಓಡತ್ತೆ, ಇದನ್ನ ನಾನು ಹೆಂಡತಿ ಹತ್ರಾನೂ ಹೇಳಿಲ್ಲ. ಮಾಸ್ತರ್ ಸರ್, ನೀವು ಹೇಳಿದ್ದೂ ನಿಜ, ಟ್ರಂಕಲ್ಲಿ ಅಪ್ಪನ ಲೆಕ್ಕದ ಡೈರಿ ಇದೆ. ಆದ್ರೆ ಅಕ್ಕ ಕೇಳಿದ್ದು ಅದಕ್ಕಿಂತ ಒಳಗಿಂದು.

ಸೇವಾಕೇಂದ್ರದಕ್ಕ:

ಬರೆದ್ರಲ್ಲ ಅಣ್ಣ, ಒಳ್ಳೇದಾಯ್ತು. ಈಗ ನಾನು ಹೇಳೋದು ಸರಿಯಾಗಿ ಕೇಳಿ, ಯಾಕಂದ್ರೆ ನೀವು ಎರಡು ಬೇರೆ ಕೆಲಸನ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊತ್ಕೊಂಡಿದ್ದೀರ. ಪೌತಿ ಖಾತೆ ಅಂದ್ರೆ ಪಾಲು ಅಲ್ಲ. ಪೌತೀಲಿ ತೀರಿಹೋದೋರ ಹೆಸರು ತೆಗೆದು ವಾರಸುದಾರರೆಲ್ರ ಹೆಸರು ಜಂಟಿಯಾಗಿ ಸೇರಿಸ್ತಾರೆ: ಅಮ್ಮ, ನೀವು, ತಂಗಿ. ಯಾರಿಗೆ ಎಷ್ಟು, ಯಾವ ಕಡೆ ಬದು ಅನ್ನೋದೆಲ್ಲ ವಿಭಾಗ, ಅದಕ್ಕೆ 11ಇ ನಕ್ಷೆ (ಪಾಲಾಗೋ ಭಾಗ ಅಳೆದು ಹಾಕೋ ಸರ್ವೆ ನಕ್ಷೆ) ಆಗ್ಬೇಕು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ಆಗ್ಬೇಕು, ಅದು ಮುಂದಿನ ವರ್ಷವೋ ಹತ್ತು ವರ್ಷ ಬಿಟ್ಟೋ ನೀವು ಮೂರು ಜನ ಕೂತು ಮಾತಾಡೋ ವಿಷಯ. ಇವತ್ತು ನೀವು ತಂಗಿಗೆ ಫೋನ್ ಮಾಡಿ ಪಾಲಿನ ಮಾತು ಆಡೋದೇ ಬೇಡ. "ಅಪ್ಪನ ಹೆಸರು ತೆಗೆದು ನಮ್ಮ ಮೂರು ಜನರ ಹೆಸರು ಸೇರಿಸೋಣ ಅಂತಿದ್ದೀನಿ, ನಿನ್ನ ಆಧಾರ್ ಕಳ್ಸು" ಅನ್ನಿ. ಎರಡು ಸಾಲು.

ಅವಳ ಹಕ್ಕಿನ ಬಗ್ಗೆ ಅನುಮಾನ ಇಟ್ಕೊಬೇಡಿ. ಪಿತ್ರಾರ್ಜಿತದಲ್ಲಿ ಹೆಣ್ಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲೇ ಬಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡ್ತು, ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ, ಮಗಳಿಗೆ ಹುಟ್ಟಿಂದಾನೇ ಹಕ್ಕು ಅಂತ. ಅಪ್ಪನ ಸ್ವಂತ ಸಂಪಾದನೆ ಆಗಿದ್ದು ವಿಲ್ ಬರೀದೇ ಹೋಗಿದ್ರೂ ಅಮ್ಮ, ಮಗ, ಮಗಳು ಮೂರೂ ಜನ ವಾರಸುದಾರರೇ. ಇನ್ನು ಭಾವ ಏನಂತಾರೆ ಅನ್ನೋದು, ಅದನ್ನ ನೀವು ಮೂರು ವರ್ಷದಿಂದ ನಿಮ್ಮ ತಲೇಲೇ ಅವ್ರ ಬಾಯಲ್ಲಿ ಹೇಳಿಸ್ತಿದ್ದೀರ, ಅವ್ರು ಇನ್ನೂ ಏನೂ ಅಂದೇ ಇಲ್ಲ.

ಒಟ್ಟಾವಾ ಕನ್ನಡಿಗ:

ಜಮೀನಿನ ಬಗ್ಗೆ ಅಕ್ಕ ಹೇಳಿದ್ಮೇಲೆ ನಾನು ಹೇಳೋದೇನಿಲ್ಲ, ನಡಿಗೆ ಬಗ್ಗೆ ಬರೀತೀನಿ. ನಾನೂ ಬಾರ್ಡರ್‌ಲೈನ್, ನಮ್ಮಪ್ಪನಿಗೂ ಶುಗರ್, ಇಲ್ಲಿ ಜನವರಿಲಿ ಮೈನಸ್ 20 ಸಾಮಾನ್ಯ, ಹಾಗಾಗಿ ನೆಪ ಹುಡುಕೋದೇ ಬೇಕಾಗಿರಲಿಲ್ಲ.

ನಿಮ್ಮ ಮೆಸೇಜಲ್ಲಿ ನಂಗೆ ಚುಚ್ಚಿದ್ದು "ಹತ್ತನೇ ದಿನ ಮಳೆ, ಅಲ್ಲಿಗೆ ನಿಂತೋಯ್ತು" ಅನ್ನೋದು. ಒಂದು ದಿನ ತಪ್ಪಿದ್ರೆ ಎಲ್ಲಾ ಮುರಿದುಬಿತ್ತು ಅಂತ ನಮ್ಮ ತಲೇಲಿ ಕೂತಿರೋದು, 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗತ್ತೆ ಅಂತಾರಲ್ಲ, ಆ ಲೆಕ್ಕದಿಂದ. ಆ 21 ಎಲ್ಲಿಂದ ಬಂತು ಗೊತ್ತಾ, 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದೋರಿಗೆ ಕನ್ನಡಿಲಿ ಹೊಸ ಮುಖ ಒಗ್ಗೋಕೆ ಕಮ್ಮಿ ಅಂದ್ರೂ 21 ದಿನ ಬೇಕಾಗತ್ತೆ ಅಂತ ಬರೆದಿದ್ರು, ಅದನ್ನೇ ಜನ ಎಲ್ಲಾ ಅಭ್ಯಾಸಕ್ಕೂ ಎಳ್ಕೊಂಡ್ರು. ನಿಜವಾಗ್ಲೂ ಅಳೆದು ನೋಡಿದ್ದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನೋರು, ಫಿಲಿಪಾ ಲ್ಯಾಲಿ ಮತ್ತೆ ಅವರ ತಂಡ, 96 ಜನ, 2010ರಲ್ಲಿ ಪೇಪರ್ ಬಂತು. ಒಂದು ಕೆಲಸ ಯೋಚ್ನೆ ಮಾಡದೆ ತಾನಾಗೇ ಆಗೋ ಹಂತಕ್ಕೆ ಬರೋಕೆ ಸರಾಸರಿ 66 ದಿನ, ಆದ್ರೆ ಕೆಲವರಿಗೆ 18, ಕೆಲವರಿಗೆ ಲೆಕ್ಕ ಹಾಕಿದ್ರೆ 254 ದಿನ. ನೀರು ಕುಡಿಯೋ ಥರದ್ದು ಬೇಗ ಅಂಟ್ಕೊಳ್ಳತ್ತೆ, ವ್ಯಾಯಾಮ ನಿಧಾನ. ಮಧ್ಯ ಒಂದು ದಿನ ತಪ್ಪಿದ್ರೆ ಹೆಚ್ಚು ವ್ಯತ್ಯಾಸ ಆಗಲಿಲ್ಲ ಅಂತಾನೂ ಅದ್ರಲ್ಲೇ ಇದೆ. ಇದನ್ನ ಓದಿದಾಗ ನನ್ನ ಹೆಗಲಿಂದ ಏನೋ ಇಳಿದಂಗಾಯ್ತು.

ಇನ್ನೊಂದು ಇದೇ ಊರಿಂದು, ನಾನು ಓದಿದ ಕಾರ್ಲ್‌ಟನ್ ಯೂನಿವರ್ಸಿಟೀದು. 119 ಜನ ಮೊದಲ ವರ್ಷದ ವಿದ್ಯಾರ್ಥಿಗಳನ್ನ ನೋಡಿದ್ರು. ಮೊದಲ್ನೇ ಪರೀಕ್ಷೆಗೆ ಓದೋದನ್ನ ಮುಂದೂಡಿದ್ದಕ್ಕೆ ತಮ್ಮನ್ನ ತಾವು ಕ್ಷಮಿಸಿಕೊಂಡೋರು ಎರಡನೇ ಪರೀಕ್ಷೆಗೆ ಕಮ್ಮಿ ಮುಂದೂಡಿದ್ರು. ನಾವು ಅಂದ್ಕೊಳ್ಳೋದು ಉಲ್ಟಾ, ಚೆನ್ನಾಗಿ ಬೈಕೊಂಡ್ರೆ ಬುದ್ಧಿ ಬರತ್ತೆ ಅಂತ. ಬೈಕೊಂಡಷ್ಟೂ ಆ ಕೆಲಸದ ಹೆಸರು ಕೇಳಿದ್ರೇನೇ ಸಂಕಟ ಆಗತ್ತೆ, ಸಂಕಟ ಆಗೋ ಕಡೆ ಯಾರ್ ಹೋಗ್ತಾರೆ.

ಬೆಳಿಗ್ಗೆ 5:30 ಬಿಡಿ. ನಾನು ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಹಂಗೇ ಜಾಕೆಟ್ ಹಾಕ್ಕೊಂಡು ಹೊರಗೆ ಹೋಗ್ತೀನಿ, 12 ನಿಮಿಷ, ಒಂದು ಸುತ್ತು. ಊಟ ಆದ್ಮೇಲೆ ನಡೆದ್ರೆ ಊಟಕ್ಕೆ ಏರೋ ಶುಗರ್ ಕಮ್ಮಿ ಇರತ್ತೆ, ಮೀಟರಲ್ಲಿ ನಾನೇ ಚುಚ್ಚಿ ನೋಡಿದ್ದೀನಿ. ತೀರಾ ಹಿಮ ಬೀಳ್ತಿದ್ರೆ ಬಿಲ್ಡಿಂಗಿನ ಕಾರಿಡಾರಲ್ಲಿ. ಮಳೆ ಬಂದ್ರೆ ನೀವು ಎಲ್ಲಿ ನಡೀತೀರ ಅನ್ನೋದನ್ನ ಮಳೆ ಬರೋ ಮುಂಚೆನೇ ಗೊತ್ತು ಮಾಡ್ಕೊಂಡಿರಿ.

ಕುಡ್ಲದ ಮಳೆ:

ಒಂದು ಸಣ್ಣ ಮಾತು ಸೇರಿಸ್ತೇನೆ. ಇದು ತೆಂಗಿನತೋಟದವರಿಗೆ ಅಂತಲ್ಲ, ಓದುವ ಬೇರೆಯವರಿಗೂ. ನನಗೆ ಒಂದು ವರ್ಷ ಪೂರಾ ಹೀಗೆ ಆಗಿತ್ತು, ಆದರೆ ಕಾಗದದ ಕೆಲಸ ಮಾತ್ರ ಅಲ್ಲ, ತಲೆ ಬಾಚುವುದೂ ನಾಳೆ, ಫೋನ್ ಎತ್ತುವುದೂ ನಾಳೆ, ಇಷ್ಟದ್ದು ಮಾಡುವುದೂ ನಾಳೆ. ಮನೆಯಲ್ಲಿ ಎಲ್ಲರೂ ಉದಾಸೀನ ಅಂತ ಹೇಳಿದ್ರು, ನಾನೂ ಹಾಗೇ ಅಂದ್ಕೊಂಡೆ. ಅದು ಖಿನ್ನತೆ ಆಗಿತ್ತು, ಮದ್ದು ತಗೊಂಡ ಮೇಲೆ ಗೊತ್ತಾಯ್ತು. ಎಲ್ಲ ಕಡೆಯೂ ಒಟ್ಟಿಗೆ ನಿಂತು ಹೋಗಿದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಈ ಚಾ ಕಪ್ಪು ಶೂ ಉಪಾಯ ಸಾಕಾಗುವುದಿಲ್ಲ ಮಾರಾಯ್ರೆ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಮೊದಲು ಮಾಡಿದ್ದು ಆ ಒಂದು ಫೋನ್.

ನೇರಮಾತು:

ನಾನು ಮೊದಲು ಬರೆದಿದ್ದು ಸ್ವಲ್ಪ ಒರಟಾಯ್ತು ಅನ್ಸತ್ತೆ, ಸಾರಿ ಬ್ರೋ. ತಂಗಿ ವಿಷಯ ಓದಿದ್ಮೇಲೆ ಗೊತ್ತಾಯ್ತು. ನಮ್ಮನೇಲೂ ಅತ್ತೆದು ಒಂದು ಸೈನ್ ಬಾಕಿ ಇದೆ, ಆರು ವರ್ಷ ಆಯ್ತು.

ತೆಂಗಿನತೋಟ:

ಮೂರು ವಾರ ಆದ್ಮೇಲೆ ಬರೀತಿದ್ದೀನಿ. ಏನೇನಾಯ್ತು ಹೇಳ್ಬೇಕು ನಿಮಗೆಲ್ಲ.

ಅಕ್ಕ ಹೇಳಿದ ರಾತ್ರಿನೇ ಫೋನಲ್ಲಿ ಪಹಣಿ ನೋಡಿದೆ. ಅಪ್ಪನ ಪೂರ್ತಿ ಹೆಸರು, ಅವರಪ್ಪನ ಹೆಸರು ಸಮೇತ ಸ್ಕ್ರೀನ್ ಮೇಲೆ ಬಂತು, ಸ್ವಲ್ಪ ಹೊತ್ತು ನೋಡ್ತಾನೇ ಕೂತಿದ್ದೆ. ತಂಗಿಗೆ ಫೋನ್ ಮಾಡೋಕೆ ಇನ್ನೂ ನಾಲ್ಕು ದಿನ ಹಿಡೀತು. ಕೊನೆಗೆ ಮಾಸ್ತರ್ ಹೇಳಿದಂಗೆ ಜಾಗ, ಟೈಮ್ ಗೊತ್ತು ಮಾಡ್ಕೊಂಡೆ, ಗುರುವಾರ ಮಧ್ಯಾಹ್ನ ಊಟ ಆದ್ಮೇಲೆ, ಆಫೀಸ್ ಕಾಂಪೌಂಡಲ್ಲಿರೋ ಹೊಂಗೆ ಮರದ ಕೆಳಗೆ. ಅಕ್ಕ ಬರೆದ ಎರಡು ಸಾಲು ಹಂಗಂಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಅಣ್ಣ, ನೀನು ನನ್ನ ಬಿಟ್ಟು ಮಾಡ್ಸಿರ್ಬೇಕು ಅಂತ ಅಂದ್ಕೊಂಡಿದ್ದೆ, ಕೇಳೋಕೆ ಮುಜುಗರ ಆಗ್ತಿತ್ತು" ಅಂದ್ಲು. ಅವಳೂ ಮೂರು ವರ್ಷದಿಂದ ಇದನ್ನೇ ಹೊತ್ಕೊಂಡು ಓಡಾಡ್ತಿದ್ಲು ಅಂತ ನಂಗೆ ಹೊಳೆದಿರಲೇ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಹೋದಾಗ ಅವಳ ಮುಖ ಯಾಕೆ ಹಂಗಿರ್ತಿತ್ತು ಅಂತ ಈಗ ಅರ್ಥ ಆಯ್ತು.

ಶನಿವಾರ ಅವಳೂ ಊರಿಗೆ ಬಂದ್ಲು. ಟ್ರಂಕ್ ತೆಗೆದಿದ್ದು ಅವಳೇ, ಅಮ್ಮ ಪಕ್ಕದಲ್ಲಿ ಕೂತಿದ್ರು. ಡೈರಿಲಿ ಕಾಯಿ ಲೆಕ್ಕ, ಗೊಬ್ಬರದ ಲೆಕ್ಕ, ಮಧ್ಯ ಮಧ್ಯ ಅಪ್ಪನ ಶುಗರ್ ರೀಡಿಂಗ್, ತಾರೀಖು ಹಾಕಿ ಬರೆದಿದ್ದಾರೆ. ಮೂರೂ ಜನ ಅತ್ವಿ. ಆಮೇಲೆ ಅಮ್ಮ ಎದ್ದು ಉಪ್ಪಿಟ್ಟು ಮಾಡಿದ್ರು. ನಾನು ಸೋಮವಾರ ರಜ ಹಾಕಿದ್ದೆ, ತಂಗೀನೂ ಉಳ್ಕೊಂಡ್ಲು, ವಂಶವೃಕ್ಷಕ್ಕೆ ಅರ್ಜಿ ಕೊಟ್ಟಿದ್ದೀವಿ.

ನಡಿಗೆ ಪೂರ್ತಿ ಸರಿ ಹೋಗಿಲ್ಲ. ಮೂರು ವಾರದಲ್ಲಿ ಹದಿನಾಲ್ಕು ದಿನ ಆಗಿದೆ, ರಾತ್ರಿ ಊಟ ಆದ್ಮೇಲೆ, ಮಳೆ ಬಂದ್ರೆ ಪಾರ್ಕಿಂಗಲ್ಲಿ. ತಪ್ಪಿದ ಮಾರನೇ ದಿನ ಮತ್ತೆ ಹೋಗ್ತಿದ್ದೀನಿ, ಅದು ಮುಂಚೆ ಇರ್ಲಿಲ್ಲ.

ಅಕ್ಕ, ಒಂದು ಡೌಟ್. ಟ್ರಂಕಲ್ಲಿ ಹಳೇ ಕಂದಾಯದ ರಶೀದಿ ಸಿಕ್ತು, ಬೇರೆ ಸರ್ವೆ ನಂಬರ್, 14 ಗುಂಟೆ, ಕೆರೆ ಪಕ್ಕದ್ದು. ಭೂಮಿಲಿ ನೋಡಿದ್ರೆ ಇನ್ನೂ ಅಜ್ಜನ ಹೆಸರಲ್ಲಿದೆ. ಇದಕ್ಕೂ ಈ ಅರ್ಜಿ ಜೊತೆನೇ ಆಗತ್ತಾ?

ಸೇವಾಕೇಂದ್ರದಕ್ಕ:

ಓದಿ ತುಂಬಾ ಸಂತೋಷ ಆಯ್ತು ಅಣ್ಣ. ಅದು ಬೇರೆ ಅರ್ಜಿ. ವಂಶವೃಕ್ಷ ಅಜ್ಜನಿಂದ ಶುರು ಮಾಡ್ಬೇಕು, ಅಜ್ಜನ ಮಕ್ಕಳೆಲ್ಲ ಬರ್ತಾರೆ, ದೊಡ್ಡಪ್ಪ, ಸೋದರತ್ತೆಯರು ಇದ್ರೆ ಅವ್ರೂ, ನಿಮ್ಮಪ್ಪನ ಜಾಗಕ್ಕೆ ನೀವು ಮೂರು ಜನ. ಅಜ್ಜನ ಮರಣ ನೋಂದಣಿ ಆಗಿದೆಯಾ ಅಂತ ಮೊದ್ಲು ದೊಡ್ಡಪ್ಪನ್ನ ಕೇಳಿ. ಬೇರೆ ಏನೂ ಈಗ ಬೇಡ, ಅದೊಂದು ಫೋನ್. ಯಾವತ್ತು, ಎಷ್ಟು ಗಂಟೆಗೆ ಮಾಡ್ತೀರ ಅಂತ ಇಲ್ಲೇ ಬರೆದುಬಿಡಿ.

ತೆಂಗಿನತೋಟ:

ಭಾನುವಾರ ಬೆಳಿಗ್ಗೆ 8 ಗಂಟೆ, ಕಾಫಿ ಆದ್ಮೇಲೆ. ದೊಡ್ಡಪ್ಪ ಆಗ ಜಗುಲಿ ಮೇಲೆ ಪೇಪರ್ ಓದ್ತಿರ್ತಾರೆ.